ಭವನದ ಗೋಡೆಗೆ ನಮ್ಮೂರ ಮಕ್ಕಳ ಚಿತ್ರ

ಪ್ರಶ್ನೆ: ನಮ್ಮದು ಕೊಡಗಿನ ಸೋಮವಾರಪೇಟೆ ಕಡೆಯ ಒಂದು ಊರು. ಸಮುದಾಯ ಭವನಕ್ಕೆ ಹೊಸದಾಗಿ ಸುಣ್ಣ ಬಣ್ಣ ಆಗಿದೆ. ಊರಿನ ಹುಡುಗ ಹುಡುಗಿಯರಿಗೆ ಚಿತ್ರಕಲಾ ಸ್ಪರ್ಧೆ ಇಟ್ಟು, ಆಯ್ಕೆಯಾದ ಚಿತ್ರಗಳನ್ನು ಭವನದ ಒಳಗೆ ತೂಗು ಹಾಕೋಣ ಅಂತ ನಮ್ಮ ಯುವಕ ಸಂಘದ ಯೋಚನೆ. ದಿನ ಆಗಸ್ಟ್ 15, ವಿಷಯ ‘ಪರಿಸರ ಉಳಿಸಿ’ ಅಂತ ಮಾತಾಡಿಕೊಂಡಿದ್ದೇವೆ. ತೀರ್ಪುಗಾರರು ಯಾರು ಅನ್ನೋದರಲ್ಲಿ ಮಾತ್ರ ಒಮ್ಮತ ಇಲ್ಲ. ಹೇಗೆ ನಡೆಸಿದರೆ ಚೆನ್ನ?

ಉತ್ತರ: ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ. ಬಹುಮಾನದ ಕಪ್ ಮನೆಯ ಶೋಕೇಸ್ ಸೇರುತ್ತದೆ. ಗೋಡೆಗೆ ಹಾಕಿದ ಚಿತ್ರ ಹಾಗಲ್ಲ, ಮದುವೆಗೆ ಬಂದವರು, ಗ್ರಾಮಸಭೆಗೆ ಬಂದವರು, ಕಣ್ಣಿನ ತಪಾಸಣೆಗೆ ಬಂದ ಅಜ್ಜಿಯರು ಎಲ್ಲರೂ ಅದರ ಮುಂದೆ ನಿಂತು ‘ಇದು ಯಾರ ಮಗಳು ಬಿಡಿಸಿದ್ದು?’ ಅಂತ ಕೇಳುತ್ತಾರೆ. ಅದಕ್ಕೇ ಹೇಳುತ್ತಿದ್ದೇನೆ, ಯಾರಿಗೆ ಮೊದಲ ಬಹುಮಾನ ಅನ್ನೋದನ್ನು ಆಮೇಲೆ ನೋಡಿ. ಆ ಗೋಡೆ ಮೇಲೆ ಏನು ಇರಬೇಕು ಅಂತ ಮೊದಲು ಯೋಚಿಸಿ.

ದಿನ ಬದಲಿಸಿ. ಆಗಸ್ಟ್ ಅಂದ್ರೆ ನಮ್ಮಲ್ಲಿ ಮಳೆ ಹಿಡಿದು ಕೂರುವ ತಿಂಗಳು. ಯಾವತ್ತು ಶಾಲೆಗೆ ರಜೆ ಕೊಡುತ್ತಾರೋ, ಯಾವಾಗ ಕರೆಂಟ್ ಹೋಗುತ್ತೋ, ಯಾವ ರಸ್ತೆಗೆ ಮರ ಬೀಳುತ್ತೋ ಗೊತ್ತಾಗಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸ್ಪರ್ಧೆ ನಡೆದರೂ ಬಣ್ಣ ಒಣಗಲ್ಲ, ಕಾಗದ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣ, ಅದರ ಆಸುಪಾಸಿನಲ್ಲೇ ಮಡಿಕೇರಿ ದಸರಾ. ನವೆಂಬರ್ ಒಂದರ ಸುತ್ತ ಎಲ್ಲ ಕಡೆ ರಾಜ್ಯೋತ್ಸವ. ಆಮೇಲೆ ಸುಗ್ಗಿಯ ಹಬ್ಬ ಹುತ್ತರಿ, ಅದರ ಹಿಂದೆಯೇ ಕಾಫಿ ಕೊಯ್ಲು, ಅಲ್ಲಿಗೆ ದೊಡ್ಡವರಿಗೂ ಪುರುಸೊತ್ತು ಮುಗಿಯಿತು. ನನ್ನ ಕೇಳಿದರೆ ನವೆಂಬರ್ ಎರಡನೇ ವಾರದ ಭಾನುವಾರ, ಬೆಳಿಗ್ಗೆ 10ರಿಂದ 1. ಮಧ್ಯಾಹ್ನದ ಮೇಲೆ ಮಳೆ ಬಂದರೂ ಅಷ್ಟರಲ್ಲಿ ಕೆಲಸ ಆಗಿರುತ್ತದೆ.

ವಿಷಯದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಸ್ಪರ್ಧೆ ಕೆಡುವುದು ಇಲ್ಲೇ. ‘ಪರಿಸರ ಉಳಿಸಿ’ ಅಂದರೆ ಎರಡು ಕೈ ಮಧ್ಯೆ ಭೂಮಿ, ಒಂದು ಕಡೆ ಹಸಿರು ಮರ, ಇನ್ನೊಂದು ಕಡೆ ಒಣಗಿದ ಮರ, ಕೆಳಗೆ ಒಂದು ಘೋಷಣೆ. ಮಕ್ಕಳ ತಪ್ಪಲ್ಲ ಅದು, ಆ ವಿಷಯಕ್ಕೆ ಅವರು ನೋಡಿರುವ ಚಿತ್ರವೇ ಅದೊಂದು. ಅವರಿಗೆ ಅವರ ಕಣ್ಣಿಗೆ ಬಿದ್ದದ್ದನ್ನೇ ಕೇಳಿ. ‘ನಮ್ಮ ಅಂಗಳದಿಂದ ಕಾಣುವುದು’, ‘ಸಂತೆ ದಿನ’, ‘ಬಸ್‌ಗೆ ಕಾಯುವ ಜಾಗ’, ‘ಮಳೆಗಾಲದ ಅಡುಗೆಮನೆ’ ಹೀಗೆ ಕೊಡಿ. ಅಡುಗೆಮನೆ ಅಂದ ಕೂಡಲೇ ಒಬ್ಬಳಿಗೆ ಒಲೆ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಾ ಒಣಗುವ ಯೂನಿಫಾರ್ಮ್ ನೆನಪಾಗುತ್ತದೆ, ಇನ್ನೊಬ್ಬನಿಗೆ ಕಣಿಲೆ (ಎಳೆ ಬಿದಿರು) ಹೆಚ್ಚುತ್ತಿರುವ ಅಮ್ಮನ ಕೈ. ಇದನ್ನು ಯಾರೂ ಇನ್ನೊಬ್ಬರಿಂದ ನಕಲು ಮಾಡಲಾಗದು.

ಇನ್ನೊಂದು ಕಾರಣವೂ ಇದೆ. ನಿಮ್ಮೂರಲ್ಲಿ ಕೊಡವರ ಮನೆ ಇರಬಹುದು, ಅರೆಭಾಷೆ ಗೌಡರ ಮನೆ ಇರಬಹುದು, ಪಕ್ಕದಲ್ಲೇ ಯರವ ಆದಿವಾಸಿಗಳ ಹಾಡಿ, ತೋಟದ ಕೆಲಸಗಾರರ ಲೈನ್ ಮನೆಗಳು. ಒಂದೇ ಪಂಗಡದ ಹಬ್ಬವನ್ನೋ ಉಡುಗೆಯನ್ನೋ ವಿಷಯ ಮಾಡಿದರೆ ಉಳಿದ ಮಕ್ಕಳು ಬಾಗಿಲಲ್ಲೇ ನಿಂತುಬಿಡುತ್ತಾರೆ. ಭವನ ಎಲ್ಲರದು ಅಲ್ವಾ? ಲೈನ್ ಮನೆಗೆ ಸಂಘದವರೇ ಹೋಗಿ ಕರೆಯಿರಿ. ಸುಮ್ನೆ ಪಂಚಾಯಿತಿ ಬೋರ್ಡಿಗೆ ಚೀಟಿ ಅಂಟಿಸಿದರೆ ಅವರಿಗೆ ತಲುಪುವುದಿಲ್ಲ. ಪ್ರವೇಶ ಶುಲ್ಕ ಬೇಡವೇ ಬೇಡ. ಕಾಗದ, ಬಣ್ಣ ನೀವೇ ಕೊಡಿ, ಆಗ ದುಡ್ಡಿದ್ದವರ ದುಬಾರಿ ಡಬ್ಬಿ ಒಂದು ಕಡೆ, ಅರ್ಧ ಮುರಿದ ಕ್ರಯಾನ್ ಒಂದು ಕಡೆ ಅನ್ನೋ ಹಾಗಾಗಲ್ಲ. ಚಾರ್ಟ್ ಪೇಪರ್ ತರಬೇಡಿ, ನೀರು ತಾಗಿದರೆ ಉಬ್ಬುತ್ತದೆ. ಎ3 ಅಳತೆಯ 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಮೇಲಿನ ಡ್ರಾಯಿಂಗ್ ಶೀಟ್ ತನ್ನಿ. ಜಲವರ್ಣ ಕೊಡುವುದಾದರೆ 300 ಜಿಎಸ್‌ಎಂ.

ತೀರ್ಪುಗಾರರ ವಿಚಾರ. ಮುಖ್ಯ ಅತಿಥಿ ಬೇರೆ, ತೀರ್ಪುಗಾರರು ಬೇರೆ, ಇದನ್ನು ಮೊದಲ ಸಭೆಯಲ್ಲೇ ತೀರ್ಮಾನ ಮಾಡಿ. ಮೂರು ಜನ ಸಾಕು: ಪಕ್ಕದ ಊರಿನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಚಿತ್ರಕಲೆ ಓದಿಕೊಂಡ ಒಬ್ಬರು, ಭವನವನ್ನು ದಿನಾ ಬಳಸುವ ಒಬ್ಬರು, ಅಂಗನವಾಡಿ ಟೀಚರ್ ಆದರೂ ಆಗಬಹುದು. ಸ್ಪರ್ಧಿಗಳ ಹತ್ತಿರದ ನೆಂಟರು ಬೇಡ. ಶೀಟಿನ ಹಿಂದೆ ಸಂಘದ ಸೀಲ್ ಮತ್ತು ನಂಬರ್ ಮಾತ್ರ ಇರಲಿ, ಹೆಸರು ಬೇರೆ ಪುಸ್ತಕದಲ್ಲಿ. ಮನೆಯಿಂದ ತಂದ ಚಿತ್ರ ಬೇಡ, ಅಲ್ಲೇ ಕೂತು ಬಿಡಿಸಲಿ. ಮುಗಿದ ಮೇಲೆ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹಾಸಿ, ಮೂವರೂ ಮಾತಾಡದೆ ಒಂದು ಸುತ್ತು ಬಂದು ತಮ್ಮ ತಮ್ಮ ಆಯ್ಕೆಯನ್ನು ಚೀಟಿಯಲ್ಲಿ ಬರೆಯಲಿ, ಚರ್ಚೆ ಆಮೇಲೆ. ಮೊದಲೇ ಮಾತಾಡಿದರೆ ದೊಡ್ಡ ದನಿಯವರ ತೀರ್ಪೇ ತೀರ್ಪಾಗುತ್ತದೆ. 13ರ ಹುಡುಗಿಯನ್ನು 20ರ ಹುಡುಗನ ಜೊತೆ ಅಳೆಯಬೇಡಿ, ವಯಸ್ಸಿನ ಎರಡು ಗುಂಪು ಮಾಡಿ.

ಚಿತ್ರದ ಹಕ್ಕಿನ ವಿಚಾರ ಯಾರೂ ಕೇಳುವುದಿಲ್ಲ, ಆದರೆ ಅದು ಮುಖ್ಯ. ‘ಎಲ್ಲ ಚಿತ್ರಗಳೂ ಸಂಘದ ಸ್ವತ್ತು’ ಅಂತ ಫಾರಂನಲ್ಲಿ ಬರೆಯಬೇಡಿ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಪ್ರಕಾರ ಚಿತ್ರದ ಮೊದಲ ಹಕ್ಕು ಬಿಡಿಸಿದವರದ್ದೇ. ಅದನ್ನು ಬೇರೆಯವರಿಗೆ ಕೊಡುವುದಿದ್ದರೆ ಲಿಖಿತವಾಗಿ, ಸಹಿ ಹಾಕಿಯೇ ಕೊಡಬೇಕು. ಒಂದು ವರ್ಷ ಭವನದಲ್ಲಿ ಇಟ್ಟುಕೊಂಡು ವಾಪಸ್ ಕೊಡುತ್ತೇವೆ ಅಂತ ಬರೆಯಿರಿ, ಚಿಕ್ಕವರಾದರೆ ಅಪ್ಪ ಅಮ್ಮನ ಸಹಿ ತೆಗೆದುಕೊಳ್ಳಿ. ನಾಳೆ ಕ್ಯಾಲೆಂಡರ್ ಮಾಡುವ ಮನಸ್ಸಾದರೆ ಮತ್ತೆ ಕೇಳಿ. ವಾಪಸ್ ಕೊಟ್ಟ ಚಿತ್ರಗಳ ಜಾಗಕ್ಕೆ ಮುಂದಿನ ವರ್ಷದ ಚಿತ್ರಗಳು ಬರುತ್ತವೆ.

ತೂಗು ಹಾಕುವಾಗ ಮಳೆ ಬಡಿಯುವ ಪಡುವಣ ಗೋಡೆ ಬಿಡಿ, ಅದು ಒಳಗೂ ನೀರು ಎಳೆಯುತ್ತದೆ. ಒಳಗಿನ ಗೋಡೆ ಆರಿಸಿ. ಗಾಜು ಬಣ್ಣಕ್ಕೆ ತಾಗದ ಹಾಗೆ ಸುತ್ತ ಮೌಂಟ್ ಬೋರ್ಡ್ (ದಪ್ಪ ರಟ್ಟಿನ ಅಂಚು) ಹಾಕಿಸಿ, ಇಲ್ಲದಿದ್ದರೆ ಬೂಷ್ಟು ಅಲ್ಲಿಂದಲೇ ಶುರು. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ಮಧ್ಯೆ ಗಾಳಿ ಆಡುತ್ತದೆ. ಕೆಳಗೆ ಹೆಸರು, ವಯಸ್ಸು, ಊರು ದೊಡ್ಡ ಅಕ್ಷರದಲ್ಲಿ ಇರಲಿ. ಗೋಡೆ ಮೇಲೆ ಚಿತ್ರ ಅನ್ನೋದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಕಕ್ಕಬ್ಬೆ ಹತ್ತಿರ ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಗೋಡೆಗಳಲ್ಲಿ ಚಿತ್ರಗಳಿವೆ. ಆಗುವುದಾದರೆ ಸ್ಪರ್ಧೆಗೆ ಮುಂಚೆ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಪಿಯುಸಿ ಓದುವ ಹುಡುಗಿ, ಗೋಣಿಕೊಪ್ಪದ ಹತ್ತಿರ ಮನೆ. ಫೋನಿನಲ್ಲಿ ಫೋಟೋ ನೋಡಿಕೊಂಡು ಚೆನ್ನಾಗಿ ಬಿಡಿಸುತ್ತೇನೆ. ಒಂದು ಸ್ಪರ್ಧೆಯಲ್ಲಿ ‘ಇದು ಕಾಪಿ’ ಅಂತ ನನ್ನ ಚಿತ್ರ ಪಕ್ಕಕ್ಕಿಟ್ಟರು, ಎಲ್ಲರ ಮುಂದೆ. ಫೋಟೋ ನೋಡಿ ಬಿಡಿಸುವುದು ತಪ್ಪಾ ಅಕ್ಕಾ?

ಉತ್ತರ: ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು ತಂಗಿ. ನಿಯಮ ಇದ್ದಿದ್ದರೆ ಮೊದಲೇ ತಿಳಿಸಬೇಕಿತ್ತು. ನೀನೇ ತೆಗೆದ ಫೋಟೋ ನೋಡಿ ಬಿಡಿಸುವುದು ತಪ್ಪಲ್ಲ. ಬೇರೆಯವರ ಫೋಟೋ ಆದರೆ ಅದಕ್ಕೂ ಒಬ್ಬ ಒಡೆಯ ಇದ್ದಾನೆ, ಕಲಿಯಲು ಬಿಡಿಸು, ಸ್ಪರ್ಧೆಗೆ ಕಳಿಸಬೇಡ. ನಿನ್ನ ಕೈ ಪಳಗಿದೆ ಅಂತ ನಿನ್ನ ಮಾತಿನಲ್ಲೇ ಗೊತ್ತಾಗುತ್ತದೆ. ಈಗ ಕಣ್ಣು ಪಳಗಬೇಕು.

ಫೋನ್ ಮಂಜನ್ನು ಬರೀ ಬಿಳಿ ಮಾಡಿಬಿಡುತ್ತದೆ. ನೀನು ಬೆಳಿಗ್ಗೆ ಎದ್ದು ತೋಟದ ಕಡೆ ನೋಡು, ಹತ್ತಿರದ ಸಿಲ್ವರ್ ಓಕ್ ಮರ ಕಪ್ಪಾಗಿ, ಅದರ ಹಿಂದಿನದು ಬೂದಿ, ಅದರಾಚೆಯ ಬೆಟ್ಟ ತೆಳು ನೀಲಿ. ಮರದ ಬುಡಕ್ಕೆ ಹೋಗಿ ನಿಲ್ಲು. ಮೆಣಸಿನ ಬಳ್ಳಿಯ ಹಳೆ ಎಲೆ ಕಡು ಹಸಿರು, ತುದಿಯ ಚಿಗುರು ಹಳದಿ ಕಡೆಗೆ. ಕೆಳಗೆ ರೋಬಸ್ಟಾ ಕಾಫಿ ಇದ್ದರೆ ಎಲೆ ಅಗಲ, ಬಣ್ಣ ತಿಳಿ; ಅರೇಬಿಕಾ ಎಲೆ ಚಿಕ್ಕದು, ಕಡು ಹಸಿರು. ಟ್ಯೂಬಿನಿಂದ ಬರುವ ಒಂದೇ ಹಸಿರಿನಲ್ಲಿ ಇದೆಲ್ಲ ಸಿಗಲ್ಲ. ಹಸಿರು ಟ್ಯೂಬ್ ಪಕ್ಕಕ್ಕಿಟ್ಟು ಎರಡು ಹಳದಿ, ಎರಡು ನೀಲಿ ಬೆರೆಸಿ ನೀನೇ ಮಾಡಿಕೋ, ಜಾಸ್ತಿ ಕಣ್ಣು ಕುಕ್ಕುವಂತಾದರೆ ಚೂರು ಕೆಂಪು ಹಾಕು, ತಗ್ಗುತ್ತದೆ. ಒಂದೇ ಮರವನ್ನು ಬೇರೆ ಬೇರೆ ಹೊತ್ತಿನಲ್ಲಿ ಬಿಡಿಸು. ಸಣ್ಣ ಪುಸ್ತಕ ಸಾಕು, ಮಳೆ ಬಂದರೆ ಜಗಲಿಯಲ್ಲಿ ಕೂತು ಪೆನ್ಸಿಲ್‌ನಲ್ಲಿ ಮಾಡಬಹುದು. ಮುಂದಿನ ಸ್ಪರ್ಧೆಗೆ ಹೋಗುವಾಗ ಆ ಪುಸ್ತಕ ಜೊತೆಗಿರಲಿ. ಯಾರಾದರೂ ಅನುಮಾನಪಟ್ಟರೆ ತೆಗೆದು ತೋರಿಸು.

ಪ್ರಶ್ನೆ: ಮಗ ಹತ್ತನೇ ತರಗತಿ. ಸ್ಪರ್ಧೆ ಅಂದರೆ ಊಟ ಬಿಟ್ಟು ಓಡುತ್ತಾನೆ. ಚಿತ್ರ ಬಿಡಿಸಿ ಮುಂದೆ ದಾರಿ ಇದೆಯಾ? (ಕುಶಾಲನಗರದ ತಂದೆ)

ಉತ್ತರ: ಇದೆ ಸಾರ್. ಪಿಯುಸಿ ಆದಮೇಲೆ ನಾಲ್ಕು ವರ್ಷದ ಬಿವಿಎ (ದೃಶ್ಯಕಲೆ) ಪದವಿ ಇದೆ. ಕುಶಾಲನಗರದಿಂದ ಮೈಸೂರು ದೂರವಲ್ಲ, ಅಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಎಲ್ಲರೂ ಕಾವಾ ಅನ್ನುತ್ತಾರೆ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು. ಎರಡು ಕಡೆಯೂ ಒಮ್ಮೆ ಮಗನನ್ನು ಕರೆದುಕೊಂಡು ಹೋಗಿ ಅಲ್ಲಿನ ವಿದ್ಯಾರ್ಥಿಗಳ ಕೆಲಸ ತೋರಿಸಿ, ಫೀಸು, ಪ್ರವೇಶದ ವಿವರ ಕೇಳಿಕೊಂಡು ಬನ್ನಿ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಅರ್ಜಿ ಯಾವಾಗ ಅಂತ ಶಾಲೆಯ ಡ್ರಾಯಿಂಗ್ ಮೇಷ್ಟ್ರನ್ನು ಕೇಳಿ. ಈ ವರ್ಷ ಎಸ್ಸೆಸ್ಸೆಲ್ಸಿ ಇರುವುದರಿಂದ ಸ್ಪರ್ಧೆಗಳನ್ನು ಡಿಸೆಂಬರ್ ತನಕ ಇಟ್ಟುಕೊಳ್ಳಲಿ. ಪೂರ್ತಿ ನಿಲ್ಲಿಸಬೇಡಿ.