'ಅಮೆರಿಕದ ಚಾಣಕ್ಯ' ಎಂಬ ತಲೆಬರಹ ಬೇಡ

ಪ್ರಿಯರೇ, ನಮಸ್ಕಾರ.

ಹ್ಯಾರಿ ಹಾಪ್ಕಿನ್ಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಗೆ ಸಲಹೆಗಾರರಾಗಿ ಅಷ್ಟು ಹತ್ತಿರವಿದ್ದ ಈ ಮನುಷ್ಯನ ಬದುಕು ಕನ್ನಡದಲ್ಲಿ ಚೆನ್ನಾಗಿ ಬರಬೇಕು ಅಂತ ನನಗೂ ಆಸೆ ಇದೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ತಲೆಬರಹ. ಚಾಣಕ್ಯ ಅಂದ ಕೂಡಲೇ ನಮ್ಮ ಓದುಗರಿಗೆ ನೆನಪಾಗುವುದು ಬಿಚ್ಚಿದ ಜುಟ್ಟು, ಶಪಥ, ರಾಜನನ್ನು ಗದ್ದುಗೆಗೆ ಏರಿಸಿದ ಗುರು. ಹಾಪ್ಕಿನ್ಸ್ ಯಾರನ್ನೂ ಗದ್ದುಗೆಗೆ ಏರಿಸಿದವರಲ್ಲ. ಅಯೋವಾ ರಾಜ್ಯದಲ್ಲಿ ಕುದುರೆಗಳ ಜೀನು-ಲಗಾಮು ಮಾಡುತ್ತಿದ್ದವರ ಮಗ. ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಸಮಾಜಸೇವೆ ಮಾಡಿಕೊಂಡಿದ್ದವರು. 1931ರಲ್ಲಿ ರೂಸ್‌ವೆಲ್ಟ್ ಅಲ್ಲಿನ ಗವರ್ನರ್ ಆಗಿದ್ದಾಗ ನಿರುದ್ಯೋಗಿಗಳ ಪರಿಹಾರದ ಕೆಲಸಕ್ಕೆ ಸೇರಿದರು. ಇಷ್ಟನ್ನೂ ನೀವು ಎರಡು ಸಾಲಿನಲ್ಲಿ ಮುಗಿಸಿದ್ದೀರಿ.

ಅಲ್ಲಿಂದ ಮುಂದೆ ಬರೀ ಹುದ್ದೆಗಳು. 'ನೇಮಕಗೊಂಡರು', 'ಅಧಿಕಾರ ವಹಿಸಿಕೊಂಡರು' ಅಂತ ಪುಟಪುಟಕ್ಕೂ ಬರುತ್ತದೆ. ಕುರ್ಚಿಯಲ್ಲಿ ಕೂತು ಏನು ಮಾಡಿದರು ಅನ್ನುವುದು ಬೇಕಲ್ವಾ? 1933ರಲ್ಲಿ ಕೇಂದ್ರದ ಪರಿಹಾರ ನಿಧಿ ಕೈಗೆ ಬಂದಾಗ, ಮೊದಲ ಎರಡು ಗಂಟೆಗಳಲ್ಲೇ 50 ಲಕ್ಷ ಡಾಲರಿಗಿಂತ ಜಾಸ್ತಿ ಹಣವನ್ನು ರಾಜ್ಯಗಳಿಗೆ ಬಿಡುಗಡೆ ಮಾಡಿದರು. ಮುಂದೆ ಎಲ್ಲ ತಾನಾಗಿ ಸರಿಹೋಗುತ್ತದೆ ಅಂದವರಿಗೆ, ಜನ ಊಟ ಮಾಡುವುದು ಮುಂದೆ ಯಾವಾಗಲೋ ಅಲ್ಲ, ದಿನಾ ಮಾಡುತ್ತಾರೆ ಅಂತ ಉತ್ತರ ಕೊಟ್ಟರು. ಆ ಚಳಿಗಾಲ ಸುಮಾರು 40 ಲಕ್ಷ ಜನರಿಗೆ ಕೆಲಸ ಸಿಕ್ಕಿತು. ಈ ಹಣದಿಂದ ಓಟು ಕೊಳ್ಳುತ್ತಿದ್ದಾರೆ ಅಂತ ವಿರೋಧಿಗಳು ವರ್ಷಗಟ್ಟಲೆ ದೂರಿದರು. ಅದನ್ನು ನೀವು ಪೂರ್ತಿ ಬಿಟ್ಟಿದ್ದೀರಿ. ದಯವಿಟ್ಟು ಸೇರಿಸಿ. ಬೈಗುಳವನ್ನೆಲ್ಲ ಅಳಿಸಿದರೆ ಆ ಮನುಷ್ಯ ಹೊತ್ತ ಭಾರವೂ ಓದುಗರಿಗೆ ಕಾಣುವುದಿಲ್ಲ.

ಈಗ ನನಗೆ ತುಂಬ ಬೇಸರ ತಂದ ಜಾಗ. 1940ರ ಮೇ 10. ಹಿಟ್ಲರನ ಸೈನ್ಯ ಹಾಲೆಂಡ್, ಬೆಲ್ಜಿಯಂಗೆ ನುಗ್ಗಿದ ದಿನ. ಹಾಪ್ಕಿನ್ಸ್ ಶ್ವೇತಭವನಕ್ಕೆ ರಾತ್ರಿ ಊಟಕ್ಕೆ ಬಂದಿದ್ದರು. ಮೈ ಸರಿಯಿರಲಿಲ್ಲ. ಕ್ಯಾನ್ಸರ್ ಅಂತ 1937ರಲ್ಲೇ ಹೊಟ್ಟೆಯ ಬಹುಭಾಗ ತೆಗೆದಿದ್ದರು, ಅದೇ ವರ್ಷ ಹೆಂಡತಿಯೂ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಇವತ್ತು ಇಲ್ಲೇ ಉಳಿದುಕೋ ಅಂದರು ರೂಸ್‌ವೆಲ್ಟ್. ಹಾಗೆ ಉಳಿದವರು ಮೂರೂವರೆ ವರ್ಷ ಅಲ್ಲೇ ಇದ್ದರು. ನಿಮ್ಮ ಲೇಖನದಲ್ಲಿ ಇದು 'ಅಧ್ಯಕ್ಷರ ನಿಕಟವರ್ತಿಯಾದರು' ಅಂತ ಇದೆ. ಎಂಥ ರಾತ್ರಿಯನ್ನು ಕಳೆದುಕೊಂಡಿದ್ದೀರಿ!

ಬ್ರಿಟನ್ ಪ್ರವಾಸದ ಭಾಗವೂ ಹಾಗೇ. 1941ರ ಜನವರಿ, ಗ್ಲಾಸ್ಗೋದಲ್ಲಿ ಒಂದು ಊಟದ ಕೂಟ. ಅಮೆರಿಕ ಜೊತೆಗೆ ನಿಲ್ಲುತ್ತದೋ ಇಲ್ಲವೋ ಅಂತ ಚರ್ಚಿಲ್ ಕಾಯುತ್ತಿದ್ದಾರೆ. ಹಾಪ್ಕಿನ್ಸ್ ಎದ್ದು ಬೈಬಲಿನ ರೂತಳ ಮಾತು ಹೇಳುತ್ತಾರೆ: ನೀನು ಹೋಗುವಲ್ಲಿಗೆ ನಾನೂ ಬರುತ್ತೇನೆ. ಆಮೇಲೆ ಮೆಲ್ಲಗೆ ತಮ್ಮದೇ ಮಾತು ಸೇರಿಸುತ್ತಾರೆ: ಕೊನೆಯವರೆಗೂ. ಚರ್ಚಿಲ್ ಕಣ್ಣಲ್ಲಿ ನೀರು. ಇದಕ್ಕೆ 'ದ್ವಿಪಕ್ಷೀಯ ಬಾಂಧವ್ಯ ವೃದ್ಧಿಯಾಯಿತು' ಅಂತ ಬರೆದರೆ ಹೇಗೆ?

ಸಲಹೆಗಾರನ ಕೆಲಸ ಎಂಥದ್ದು ಅಂತ ತೋರಿಸಲು ಮಾಸ್ಕೋ ಪ್ರಸಂಗಕ್ಕಿಂತ ಒಳ್ಳೆಯದು ಸಿಗುವುದಿಲ್ಲ. 1941ರ ಜುಲೈನಲ್ಲಿ ಸ್ಕಾಟ್ಲೆಂಡಿನಿಂದ ರಷ್ಯಾದ ಆರ್ಕೇಂಜೆಲ್‌ಗೆ, ಚಳಿಯಲ್ಲಿ ಕ್ಯಾಟಲೀನಾ ವಿಮಾನದಲ್ಲಿ ಹೋದರು, ಅಲ್ಲಿಂದ ಮಾಸ್ಕೋಗೆ. ಹಿಟ್ಲರನ ದಾಳಿಗೆ ಸಿಕ್ಕ ರಷ್ಯಾ ಇನ್ನು ಕೆಲವೇ ವಾರ ಬಾಳುತ್ತದೆ ಅಂತ ಅನೇಕ ಸೇನಾಧಿಕಾರಿಗಳು ನಂಬಿದ್ದ ಕಾಲ. ಸ್ಟಾಲಿನ್ ವಿಮಾನ ಹೊಡೆಯುವ ತೋಪುಗಳ ಜೊತೆ ಅಲ್ಯೂಮಿನಿಯಂ ಕೂಡ ಕೇಳಿದರು. ಅಲ್ಯೂಮಿನಿಯಂ ತರಿಸಿ ವಿಮಾನ ಕಟ್ಟಲು ತಿಂಗಳುಗಟ್ಟಲೆ ಬೇಕು. ನಾಳೆಯೇ ಸೋಲುತ್ತೇನೆ ಅಂದುಕೊಂಡವರು ಅದನ್ನು ಕೇಳುವುದಿಲ್ಲ. ಹಾಪ್ಕಿನ್ಸ್ ಇದನ್ನು ಗಮನಿಸಿದರು. ರಷ್ಯಾ ತಡೆದು ನಿಲ್ಲುತ್ತದೆ ಎಂಬ ನಂಬಿಕೆ ಹೊತ್ತು ಹಿಂತಿರುಗಿದರು. ಅವಸರದಲ್ಲಿ ತಮ್ಮ ಔಷಧಿಯನ್ನು ಮಾಸ್ಕೋದಲ್ಲೇ ಮರೆತು, ಸ್ಕಾಟ್ಲೆಂಡ್ ತಲುಪುವಾಗ ಜೀವ ಹಣ್ಣಾಗಿತ್ತು. ಈ ಪ್ರಸಂಗಕ್ಕೆ ಕನಿಷ್ಠ ಎರಡು ಪುಟ ಕೊಡಿ.

ಭಾಷೆ ಬಗ್ಗೆ ಒಂದೇ ಮಾತು. ಯುದ್ಧದಲ್ಲಿದ್ದ ಮಿತ್ರದೇಶಗಳಿಗೆ ಅಮೆರಿಕ ಶಸ್ತ್ರ, ಸಾಮಗ್ರಿ ಕೊಟ್ಟ ಕಾಯ್ದೆಗೆ 'ಋಣ-ಭೋಗ್ಯ ಅಧಿನಿಯಮ' ಬೇಡ, ಲೆಂಡ್-ಲೀಸ್ ಅನ್ನಿ ಸಾಕು. ಪಕ್ಕದ ಮನೆಗೆ ಬೆಂಕಿ ಬಿದ್ದರೆ ನೀರಿನ ಪೈಪು ಕೊಡುವಾಗ ದುಡ್ಡು ಕೇಳುತ್ತೀರಾ ಅಂತ ರೂಸ್‌ವೆಲ್ಟ್ ಅದನ್ನು ವಿವರಿಸಿದ್ದರು. ಅದನ್ನೇ ಹಾಕಿ.

ಮಗ ಸ್ಟೀಫನ್ ಸಾವು ನಿಮ್ಮಲ್ಲಿ ಅಡಿಟಿಪ್ಪಣಿಯಾಗಿದೆ. ಅದನ್ನು ಮೇಲಕ್ಕೆ ತನ್ನಿ. 1944ರ ಫೆಬ್ರವರಿಯಲ್ಲಿ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ ಯುದ್ಧದಲ್ಲಿ ಸತ್ತಾಗ ಅವನಿಗೆ 18 ವರ್ಷ. ಅಧ್ಯಕ್ಷರ ಮನೆಯಲ್ಲಿ ವಾಸವಿದ್ದವರ ಮಗ ಸಾಮಾನ್ಯ ಸೈನಿಕನಾಗಿ ಹೋಗಿದ್ದ. ಅಪ್ಪ ಆಮೇಲೆ ಎರಡು ವರ್ಷವೂ ಬದುಕಲಿಲ್ಲ. 1946ರ ಜನವರಿ 29ರಂದು, 55ನೇ ವಯಸ್ಸಿಗೆ ಹೋಗಿಬಿಟ್ಟರು.

ಮೇ 10ರ ರಾತ್ರಿಯಿಂದ ಶುರು ಮಾಡಿ ಇನ್ನೊಂದು ಸಲ ಬರೆಯಿರಿ. ಹುದ್ದೆಗಳ ಪುಟಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ. ಮುಗಿದ ಮೇಲೆ ನನ್ನ ಹೆಸರಿಗೇ ಕಳಿಸಿ, ಬಂದ ವಾರವೇ ಓದುತ್ತೇನೆ.