ಎಡ ಬ್ಯಾಕ್‌ಗೆ ನಾಲ್ಕು ಹಾಕಿದ ನಾಲ್ವರಿಗೆ

ಪತ್ರ: ಮಾನ್ಯ ಸಂಪಾದಕರೇ, ನಮ್ಮ ಫುಟ್‌ಬಾಲ್ ತಂಡದ ತವರು ಪಂದ್ಯಕ್ಕೆ ಕಳೆದ ಸಂಚಿಕೆಯಲ್ಲಿ ನೀವು ಆಟಗಾರರಿಗೆ ಹತ್ತಕ್ಕೆ ಇಷ್ಟೆಂದು ಕೊಟ್ಟ ಅಂಕಗಳನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 2–1ರಿಂದ ಗೆದ್ದಿದ್ದೇವೆ. 88ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದ ಸ್ಟ್ರೈಕರ್‌ಗೆ ಬರೀ 6. ಎಡಬದಿಯನ್ನು ಕಾಯಬೇಕಾಗಿದ್ದು ಎದುರಾಳಿಗೆ ಕೈಯಾರೆ ಗೋಲು ಕೊಟ್ಟ ಎಡ ಬ್ಯಾಕ್‌ಗೆ 7! ಎರಡನೇ ಅರ್ಧ ಪೂರ್ತಿ ಅವನು ನಮ್ಮ ಗ್ಯಾಲರಿಯ ಮುಂದೆಯೇ ಆಡಿದ, ಕಣ್ಣಾರೆ ಕಂಡಿದ್ದೇವೆ. ನಾವು ನಾಲ್ವರು ಗೆಳೆಯರು ಪ್ರತಿ ಪಂದ್ಯ ಮುಗಿದ ಮೇಲೂ ಕೂತು ಅಂಕ ಹಾಕುವವರು. ಪಟ್ಟಿ ಲಗತ್ತಿಸಿದ್ದೇವೆ. ಸ್ಟ್ರೈಕರ್‌ಗೆ 9, ಎಡ ಬ್ಯಾಕ್‌ಗೆ 4. ನಾಲ್ವರದೂ ಒಂದೇ ಅಭಿಪ್ರಾಯ. ನಿಮ್ಮ ವರದಿಗಾರರು ಪಂದ್ಯ ನೋಡಿದ್ದರೋ, ಸ್ಕೋರ್ ಕೇಳಿಕೊಂಡು ಬರೆದರೋ? ನಿಮ್ಮನ್ನೂ ನಮ್ಮನ್ನೂ ಬಿಡಿ, ಕಂಪ್ಯೂಟರ್ ಹಾಕುವ ರೇಟಿಂಗನ್ನೇ ನಂಬೋಣ.

ಸಂಪಾದಕರ ಉತ್ತರ:

ನೋಡಿದ್ದರು. ಸ್ಕೋರ್ ಕೇಳಿಕೊಂಡು ಬರೆದಿದ್ದರೆ ಅವರೂ ಸ್ಟ್ರೈಕರ್‌ಗೆ 9 ಹಾಕುತ್ತಿದ್ದರು.

ನಿಮ್ಮ ಪತ್ರ ಬಂದ ಮೇಲೆ ವರದಿಗಾರರ ನೋಟ್‌ಬುಕ್ ತರಿಸಿಕೊಂಡೆ, ಪಂದ್ಯದ ರೆಕಾರ್ಡಿಂಗ್ ಹಾಕಿಕೊಂಡು ಎರಡು ಸಲ ನೋಡಿದೆ. ಮೊದಲ ಸಲ ಎಲ್ಲರ ಹಾಗೆ ಚೆಂಡಿನ ಹಿಂದೆ ಹೋದೆ. ಎರಡನೇ ಸಲ ಚೆಂಡಿನ ಗೊಡವೆಗೇ ಹೋಗದೆ ಎಡ ಬ್ಯಾಕ್ ಪರದೆಯ ಮೇಲಿದ್ದಷ್ಟು ಹೊತ್ತೂ ಅವನೊಬ್ಬನನ್ನೇ ನೋಡಿದೆ. ಹಾಗೆ ನೋಡಿದರೆ ಅದು ಬೇರೆಯೇ ಪಂದ್ಯ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನೋಟ್‌ಬುಕ್ಕಿನಲ್ಲಿ ಸ್ಟ್ರೈಕರ್ ಹೆಸರಿನ ಮುಂದೆ ಮೊದಲು ಬರೆದದ್ದು 5. ಅದರ ಮೇಲೊಂದು ಗೀಟು, ಪಕ್ಕದಲ್ಲಿ ಬೇರೆ ಪೆನ್ನಿನಲ್ಲಿ 6. ಯಾವಾಗ ತಿದ್ದಿದಿರಿ ಎಂದು ಕೇಳಿದೆ. "88ನೇ ನಿಮಿಷದಲ್ಲಿ ಸಾರ್" ಎಂದರು, ಸ್ವಲ್ಪ ನಾಚಿಕೊಂಡೇ. ಅಂದರೆ ಒಂದು ಅಂಕದ ಮಟ್ಟಿಗೆ ಅವರೂ ನಿಮ್ಮ ಪಕ್ಷದವರೇ.

ಈಗ 62ನೇ ನಿಮಿಷ. ನಿಮ್ಮ ತಂಡಕ್ಕೆ ಕಾರ್ನರ್ ಸಿಕ್ಕಿತ್ತು, ಎದುರಾಳಿ ಅದನ್ನು ದೂರಕ್ಕೆ ಹೊಡೆದ. ಎಡ ಅಂಚಿನಲ್ಲಿ ಮುಂದೆ ಆಡುವ ನಿಮ್ಮ ಎಡ ವಿಂಗರ್, ಚೆಂಡು ಹೊರಗೆ ಹೋಗಿತ್ತೆಂದು ಗೆರೆಯ ಪಕ್ಕದ ಸಹಾಯಕ ರೆಫರಿಯ ಜತೆ ಕೈ ಬೀಸಿಕೊಂಡು ವಾದಕ್ಕೆ ನಿಂತ. ಆ ಹೊತ್ತಿಗೆ ಎದುರಾಳಿಯ ವಿಂಗರ್ ಚೆಂಡು ಸಮೇತ ಓಡಿ ಬರುತ್ತಿದ್ದ, ಅವನ ಹೊರಬದಿಯಿಂದ ಅವರ ಬಲ ಬ್ಯಾಕ್ ಕೂಡ. ಎದುರಿಗಿದ್ದವನು ನಿಮ್ಮ ಎಡ ಬ್ಯಾಕ್ ಒಬ್ಬನೇ. ಚೆಂಡಿದ್ದವನ ಮೇಲೆ ನುಗ್ಗಿದರೆ ಇನ್ನೊಬ್ಬನಿಗೆ ದಾರಿ ಬಿಟ್ಟಂತೆ. ನುಗ್ಗದಿದ್ದರೆ ಅಂಚಿನಿಂದ ಗೋಲಿನ ಮುಂದಕ್ಕೆ ಕ್ರಾಸ್ ಬರುತ್ತದೆ. ಅವನು ಮಾಡಿದ್ದು ಯಾವ ಕೋಚ್ ಕೂಡ ಹೇಳಿಕೊಡುವುದನ್ನೇ: ಮೈ ಓರೆ ಮಾಡಿಕೊಂಡು ಹಿಂದೆ ಹಿಂದೆ ಸರಿಯುತ್ತ, ನೆರವು ಬರುವ ತನಕ ಹೊತ್ತು ತಳ್ಳುವುದು. ರೆಕಾರ್ಡಿಂಗ್ ನಿಲ್ಲಿಸಿ ನೋಡಿ, ಅಷ್ಟರಲ್ಲಿ ಎರಡು ಸಲ ಹೆಗಲ ಮೇಲಿಂದ ಹಿಂದಿರುಗಿ ನೋಡುತ್ತಾನೆ. ಯಾರೂ ಬರುತ್ತಿಲ್ಲ. ನಾಲ್ಕನೇ ಸೆಕೆಂಡಿಗೆ ಕ್ರಾಸ್ ಬಂತು. ಪೆನಾಲ್ಟಿ ಆವರಣದಲ್ಲಿ ನಿಮ್ಮ ಸೆಂಟರ್ ಬ್ಯಾಕ್ ಚೆಂಡನ್ನೇ ನೋಡುತ್ತ ನಿಂತಿದ್ದ, ಪಕ್ಕದವನನ್ನಲ್ಲ. ಹೆಡರ್, ಗೋಲು.

ಮರುಪ್ರಸಾರದ ಚೌಕಟ್ಟಿನಲ್ಲಿ ಸೆಂಟರ್ ಬ್ಯಾಕ್‌ನ ಬೆನ್ನಷ್ಟೇ ಕಾಣುತ್ತದೆ. ವಿಂಗರ್ ಅಂತೂ ಚಿತ್ರದಲ್ಲೇ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ತಲೆ ತಗ್ಗಿಸಿ ನಿಂತ ಎಡ ಬ್ಯಾಕ್‌ನ ಮುಖ ಮಾತ್ರ ಮೂರು ಸಲ ಬಂತು. ಕ್ಯಾಮೆರಾಗೆ ಸಿಕ್ಕವನೇ ಕಳ್ಳ! ಆ ವಿಂಗರ್‌ಗೆ ನಿಮ್ಮ ಪಟ್ಟಿಯಲ್ಲಿ 7 ಇದೆ.

88ನೇ ನಿಮಿಷಕ್ಕೆ ಬನ್ನಿ. ಗೋಲಿಗೆ ಒಂದೂವರೆ ಗಜ ದೂರದಲ್ಲಿ, ಗೋಲ್‌ಕೀಪರ್ ತಡೆದು ಚಿಮ್ಮಿದ ಚೆಂಡು ಸ್ಟ್ರೈಕರ್ ಕಾಲಿಗೇ ಬಂತು, ಒಳಗೆ ತಳ್ಳಿದ. ಆ ಜಾಗದಲ್ಲಿ ಇರುವುದೂ ಒಂದು ವಿದ್ಯೆಯೇ, ಇಲ್ಲವೆನ್ನುವುದಿಲ್ಲ. ಆದರೆ 23ನೇ ನಿಮಿಷದಲ್ಲಿ ಯಾರೂ ಅಡ್ಡವಿಲ್ಲದ ಹೆಡರನ್ನು ಗೋಲಿನ ಮೇಲಕ್ಕೆ ಹೊಡೆದವನೂ, 51ನೇ ನಿಮಿಷದಲ್ಲಿ ಗೋಲ್‌ಕೀಪರ್ ಒಬ್ಬನೇ ಎದುರಿಗಿದ್ದಾಗ ಅವನ ಎದೆಗೇ ಹೊಡೆದವನೂ ಇವನೇ. ಇನ್ನೂ ಒಂದು ಮಾತು. ಗೆಲುವಿನ ಆ ಗೋಲು ಶುರುವಾದದ್ದು ಎಲ್ಲಿಂದ? ಗೋಲಿಗಿಂತ ಹನ್ನೊಂದು ಸೆಕೆಂಡು ಹಿಂದಕ್ಕೆ ತಿರುಗಿಸಿ. ಎದುರಾಳಿಯ ಪಾಸನ್ನು ಮಧ್ಯಗೆರೆಯ ಹತ್ತಿರ ಮೊದಲೇ ಊಹಿಸಿ ಒಂದು ಹೆಜ್ಜೆ ಮುಂದೆ ಬಂದು ಕಿತ್ತುಕೊಂಡವನು ನೀವು ನಾಲ್ಕು ಹಾಕಿದ ಎಡ ಬ್ಯಾಕ್. ಅದೂ ನಿಮ್ಮ ಗ್ಯಾಲರಿಯ ಮುಂದೆಯೇ!

ಕಣ್ಣಾರೆ ಕಂಡಿದ್ದೇವೆ ಎಂದಿರಿ. ಕಂಡಿದ್ದೀರಿ, ಸರಿ. ಆದರೆ ಗೆರೆಗೆ ಹತ್ತಿರದ ತಗ್ಗು ಸೀಟಿನಿಂದ ಕಾಣುವುದು ಆಟಗಾರನ ಬೆವರು, ಬೈಗುಳ, ಎಡವಿದ ಕಾಲು. ಆಟಗಾರರ ನಡುವಿನ ಅಂತರ ಅಲ್ಲಿಂದ ಕಾಣುವುದಿಲ್ಲ. ತಂಡಗಳು ತಮ್ಮ ವಿಶ್ಲೇಷಕರನ್ನು ಕ್ರೀಡಾಂಗಣದ ಮೇಲ್ತುದಿಯಲ್ಲಿ ಕೂರಿಸುವುದು ಸುಮ್ಮನೆ ಅಲ್ಲ. ಹತ್ತಿರದವನ ತಪ್ಪು ಎಮ್ಮೆಯಷ್ಟು, ದೂರದವನ ತಪ್ಪು ಎಳ್ಳಿನಷ್ಟು.

ಇನ್ನು ನಮ್ಮಲ್ಲಿ ಗೆದ್ದೆತ್ತಿನ ಬಾಲ ಹಿಡಿಯುವುದು ಎಂದೊಂದು ಮಾತಿದೆಯಲ್ಲ, ತವರಿನ ಗೆಲುವಿನ ರಾತ್ರಿ ಹಾಕುವ ಅಂಕಗಳಿಗೆ ಅದಕ್ಕಿಂತ ಒಪ್ಪುವ ವಿವರಣೆ ನನಗೆ ಗೊತ್ತಿಲ್ಲ. ನಿಮ್ಮ ಪಟ್ಟಿಯ ಅಂಕಗಳನ್ನು ಕೂಡಿ ಸರಾಸರಿ ತೆಗೆದೆ: 7.4. ಅದೇ ಸ್ಟ್ರೈಕರ್ 88ರಲ್ಲಿ ಕಾಲು ಜಾರಿ ಬಿದ್ದಿದ್ದರೆ ಪಂದ್ಯ 1–1, ಸರಾಸರಿ ಆರು ದಾಟುತ್ತಿರಲಿಲ್ಲ. ಉಳಿದವರು 87 ನಿಮಿಷ ಆಡಿದ ಆಟ ಮಾತ್ರ ಅದೇ. ಒಬ್ಬ ಬಿದ್ದದ್ದಕ್ಕೆ ಬಲ ಬ್ಯಾಕ್‌ನ ಅಂಕ ಯಾಕೆ ಇಳಿಯಬೇಕು?

ಗದ್ದಲದ ಅಮಲು ಏರುವುದು ಅಭಿಮಾನಿಗಳಿಗೆ ಮಾತ್ರವೇ ಎಂದುಕೊಳ್ಳಬೇಡಿ. 2020ರ ಮೇ ತಿಂಗಳಲ್ಲಿ ಜರ್ಮನಿಯ ಬುಂಡೆಸ್‌ಲಿಗಾ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಶುರುವಾದಾಗ ತವರು ತಂಡಗಳ ಗೆಲುವು ಕಡಿಮೆಯಾಯಿತು. ಪ್ರೇಕ್ಷಕರಿಲ್ಲದ ಆ ಕಾಲದ ಪಂದ್ಯಗಳನ್ನು ಅಧ್ಯಯನ ಮಾಡಿದವರಿಗೆ ಕಂಡ ಇನ್ನೊಂದು ಸಂಗತಿ, ರೆಫರಿಗಳು ಹೊರಗಿನ ತಂಡಕ್ಕೆ ತೋರಿಸುತ್ತಿದ್ದ ಹಳದಿ ಕಾರ್ಡುಗಳೂ ಇಳಿದದ್ದು. ನ್ಯಾಯ ಹೇಳಲೆಂದೇ ಸಂಬಳ ಪಡೆಯುವವನ ಕೈಯೇ ಗದ್ದಲಕ್ಕೆ ಅಲುಗುತ್ತದೆ ಎಂದಮೇಲೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದ ನಿಮ್ಮ ಪೆನ್ಸಿಲ್ ಅಲುಗದೆ ಇರುತ್ತದೆಯೇ?

ಹಾಗೆಂದು ಅಂಕ ಹಾಕುವ ಚಾಳಿಯೇ ಹುಡುಗಾಟ ಎಂದು ನಾನು ಹೇಳುತ್ತಿಲ್ಲ. ಅದು ನಮ್ಮ ನಿಮ್ಮ ಕಂಡುಹಿಡಿತವೂ ಅಲ್ಲ. ಇಟಲಿಯ ಪತ್ರಿಕೆಗಳಲ್ಲಿ ಇದಕ್ಕೆ ಪಾಜೆಲ್ಲೆ ಎನ್ನುತ್ತಾರೆ, ಶಾಲೆಯ ಅಂಕಪಟ್ಟಿ ಎಂದೇ ಅರ್ಥ. ಅಲ್ಲಿ ಹತ್ತಕ್ಕೆ 6 ಬಂದರೆ ಪಾಸು. ಜರ್ಮನಿಯ ಕಿಕರ್ ಪತ್ರಿಕೆ ತನ್ನ ದೇಶದ ಶಾಲೆಗಳ ಹಾಗೆ ಅಂಕವನ್ನು ತಲೆಕೆಳಗಾಗಿ ಕೊಡುತ್ತದೆ, 1 ಅತ್ಯುತ್ತಮ, 6 ಅತ್ಯಂತ ಕಳಪೆ. ನಿಮ್ಮ ಪಟ್ಟಿ ಅಲ್ಲಿಗೆ ಹೋಗಿದ್ದರೆ ಎಡ ಬ್ಯಾಕ್ ಹೇಗೋ ಉಳಿದುಕೊಳ್ಳುತ್ತಿದ್ದ, ಸ್ಟ್ರೈಕರ್‌ನ ಗತಿ ದೇವರೇ ಬಲ್ಲ. ಎಲ್ಲರಿಗಿಂತ ಜುಗ್ಗರು ಫ್ರಾನ್ಸಿನ ಲೆಕಿಪ್ ಪತ್ರಿಕೆಯವರು. ಅವರಿಂದ ಹತ್ತಕ್ಕೆ ಹತ್ತು ಪಡೆದವರನ್ನು ಸುಲಭವಾಗಿ ಎಣಿಸಿಬಿಡಬಹುದು. 2010ರಲ್ಲಿ ಆರ್ಸೆನಲ್ ಮೇಲೆ ನಾಲ್ಕು ಗೋಲು ಹೊಡೆದ ಮೆಸ್ಸಿ, 2013ರಲ್ಲಿ ರಿಯಲ್ ಮ್ಯಾಡ್ರಿಡ್ ಮೇಲೆ ನಾಲ್ಕು ಹೊಡೆದ ಲೆವಾಂಡೋವ್‌ಸ್ಕಿ ಆ ಪಟ್ಟಿಯಲ್ಲಿದ್ದಾರೆ. ಎರಡೂ ತವರಿನ ಗೆಲುವುಗಳೇ, ನೋಡಿ! ನನಗೆ ಹೆಚ್ಚು ಇಷ್ಟವಾದ ಹತ್ತು 2019ರ ಮಾರ್ಚಿನಲ್ಲಿ ದುಶಾನ್ ತಾದಿಚ್‌ಗೆ ಸಿಕ್ಕಿದ್ದು. ಅಯಾಕ್ಸ್ ತಂಡ ಮ್ಯಾಡ್ರಿಡ್‌ನ ಅಂಗಳಕ್ಕೇ ಹೋಗಿ 4–1ರಿಂದ ಗೆದ್ದ ರಾತ್ರಿ ಅವನು ಹೊಡೆದದ್ದು ಒಂದೇ ಗೋಲು, ಹೊಡೆಸಿದ್ದು ಎರಡು.

ಒಂದೂವರೆ ಗಜದಿಂದ ತಳ್ಳಿದ್ದಕ್ಕೇ ನೀವು 9 ಕೊಟ್ಟುಬಿಟ್ಟರೆ ನಾಳೆ ಯಾರಾದರೂ ನಾಲ್ಕು ಗೋಲು ಹೊಡೆದಾಗ ಏನು ಕೊಡುತ್ತೀರಿ, ಹದಿನಾಲ್ಕೇ?

"ನಿಮ್ಮನ್ನೂ ನಮ್ಮನ್ನೂ ಬಿಡಿ, ಕಂಪ್ಯೂಟರ್ ಹಾಕುವ ರೇಟಿಂಗನ್ನೇ ನಂಬೋಣ" ಎಂದು ಪತ್ರದ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. ನಂಬಿ, ಆದರೆ ಅದು ಏನನ್ನು ಎಣಿಸುತ್ತದೆ ಎಂದು ತಿಳಿದು ನಂಬಿ. ಅಂಥ ರೇಟಿಂಗುಗಳು ಬಹುಮಟ್ಟಿಗೆ ಚೆಂಡಿನ ಸುತ್ತ ನಡೆದದ್ದನ್ನು ಎಣಿಸುತ್ತವೆ: ಪಾಸ್, ಟ್ಯಾಕಲ್, ಶಾಟ್, ಕಿತ್ತುಕೊಂಡದ್ದು, ಕಳೆದುಕೊಂಡದ್ದು. ಎಲ್ಲರಿಗೂ ಆರರ ಆಸುಪಾಸಿನಿಂದ ಶುರು, ಒಂದೊಂದಕ್ಕೂ ಚೂರು ಕೂಡಿಸು, ಚೂರು ಕಳೆ. ಗೋಲಿಗೆ ಮಾತ್ರ ದೊಡ್ಡ ತೂಕ. ಆದರೆ 90 ನಿಮಿಷದಲ್ಲಿ ಒಬ್ಬ ಆಟಗಾರನ ಕಾಲಿನಲ್ಲಿ ಚೆಂಡು ಇರುವುದು ಹೆಚ್ಚೆಂದರೆ ಎರಡು ಮೂರು ನಿಮಿಷ. ಮಿಕ್ಕ ಹೊತ್ತೆಲ್ಲ ಅವನು ಎಲ್ಲಿ ನಿಂತಿದ್ದ, ಯಾರ ದಾರಿ ಮುಚ್ಚಿದ, ಯಾರಿಗಾಗಿ ಸುಮ್ಮನೆ ಓಡಿ ಡಿಫೆಂಡರನ್ನು ಎಳೆದೊಯ್ದ? 62ನೇ ನಿಮಿಷದಲ್ಲಿ ವಾದಕ್ಕೆ ನಿಂತ ವಿಂಗರ್ ಏನನ್ನೂ ಮಾಡಲಿಲ್ಲ, ಆದ್ದರಿಂದ ಅವನ ಲೆಕ್ಕದಲ್ಲಿ ಏನೂ ಕಳೆಯಲಿಲ್ಲ.

ಎಣಿಕೆಯ ಈ ಹುಚ್ಚಿಗೂ ವಯಸ್ಸಾಗಿದೆ. ಬ್ರಿಟಿಷ್ ವಾಯುಪಡೆಯ ಲೆಕ್ಕಪತ್ರ ಅಧಿಕಾರಿ ಚಾರ್ಲ್ಸ್ ರೀಪ್ ಎಂಬಾತ 1950ರ ಮಾರ್ಚ್ 18ರಂದು ಸ್ವಿಂಡನ್ ಟೌನ್ ತಂಡದ ತವರು ಪಂದ್ಯವೊಂದನ್ನು ನೋಡುತ್ತ ಕೂತಿದ್ದ. ಮೊದಲ ಅರ್ಧ ನೋಡಿ ಬೇಸರ ಹತ್ತಿತೋ ಏನೋ, ಎರಡನೇ ಅರ್ಧಕ್ಕೆ ಪೆನ್ಸಿಲ್ ಹಿಡಿದು ಒಂದೊಂದು ದಾಳಿಯನ್ನೂ ಗುರುತು ಹಾಕಿಕೊಳ್ಳತೊಡಗಿದ. ಮುಂದೆ ದಶಕಗಟ್ಟಲೆ ಎಣಿಸಿದ. ಬಹುಪಾಲು ಗೋಲು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸಿನಲ್ಲಿ ಬರುತ್ತವೆ, ಆದ್ದರಿಂದ ಚೆಂಡನ್ನು ಬೇಗ ಮುಂದಕ್ಕೆ ಹೊಡೆಯಿರಿ ಎಂದು ತೀರ್ಮಾನಿಸಿದ. ಎಣಿಕೆ ಸರಿಯಿತ್ತು. ಆದರೆ ಫುಟ್‌ಬಾಲಿನ ಬಹುಪಾಲು ದಾಳಿಗಳು ಹೇಗೂ ಮೂರು ಪಾಸಿನೊಳಗೇ ಮುರಿದುಬೀಳುತ್ತವೆ ಎಂಬುದು ಅವನ ತೀರ್ಮಾನದಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಚೆಂಡಿಲ್ಲದ ಕೆಲಸದ ಬೆಲೆ ಗೊತ್ತಾಗದಿರುವುದು ನಿಮಗೊಬ್ಬರಿಗೇ ಅಲ್ಲ. 2003ರಲ್ಲಿ ರಿಯಲ್ ಮ್ಯಾಡ್ರಿಡ್ ಕ್ಲೋಡ್ ಮಕಲೆಲೆಯನ್ನು ಚೆಲ್ಸಿಗೆ ಬಿಟ್ಟುಕೊಟ್ಟಿತು. ತಾರೆಗಳು ಮುಂದೆ ಹೋದಾಗ ಹಿಂದೆ ಬಾಗಿಲು ಕಾಯುತ್ತಿದ್ದವನು ಅವನು. ಅದೇ ಬೇಸಿಗೆಯಲ್ಲಿ ಬೆಕ್‌ಹ್ಯಾಮ್ ಬಂದಿದ್ದ, ಅಭಿಮಾನಿಗಳಿಗೆ ಹಬ್ಬ. ಆಮೇಲೆ ಮ್ಯಾಡ್ರಿಡ್‌ಗೆ ಲೀಗ್ ಪಟ್ಟ ಮತ್ತೆ ಸಿಕ್ಕಿದ್ದು 2007ರಲ್ಲಿ. ಅಷ್ಟರೊಳಗೆ ಚೆಲ್ಸಿ ಅವನನ್ನಿಟ್ಟುಕೊಂಡು ಎರಡು ಸಲ ಇಂಗ್ಲೆಂಡಿನ ಲೀಗ್ ಗೆದ್ದಿತ್ತು. ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯನ್ನು 1956ರಿಂದ ಕೊಡುತ್ತಿದ್ದಾರೆ. ಈತನಕ ಅದನ್ನು ಪಡೆದ ಗೋಲ್‌ಕೀಪರ್ ಒಬ್ಬನೇ, 1963ರಲ್ಲಿ ಲೆವ್ ಯಾಶಿನ್. ಡಿಫೆಂಡರ್ ಎಂದರೆ 2006ರ ಕನವಾರೋ ಆದ ಮೇಲೆ ಯಾರೂ ಇಲ್ಲ.

ಕಡಿಮೆ ಅಂಕ ಹಾಕುವಾಗ ನನ್ನ ಕೈ ಈಗೀಗ ತಡೆಯುತ್ತದೆ. ಕಾರಣ 2018ರ ಚಾಂಪಿಯನ್ಸ್ ಲೀಗ್ ಫೈನಲ್. ಲಿವರ್‌ಪೂಲ್ ಗೋಲ್‌ಕೀಪರ್ ಲೋರಿಸ್ ಕರಿಯುಸ್ ಮಾಡಿದ ಎರಡು ತಪ್ಪಿಗೆ ಲೋಕವೇ ನಕ್ಕಿತು. ನಾನೂ ನಕ್ಕು, ಹತ್ತಕ್ಕೆ ಎರಡು ಹಾಕಿದೆ. ಕೆಲವೇ ದಿನಕ್ಕೆ ಅಮೆರಿಕದ ವೈದ್ಯರು ಪರೀಕ್ಷಿಸಿ, ಆ ಪಂದ್ಯದಲ್ಲೇ ಅವನ ತಲೆಗೆ ಪೆಟ್ಟು ಬಿದ್ದು ಮೆದುಳಿಗೆ ಆಘಾತವಾಗಿತ್ತು, ಅದು ಆಟದ ಮೇಲೆ ಪರಿಣಾಮ ಬೀರಿರಬಹುದು ಎಂದರು. ತಪ್ಪುಗಳಿಗೆ ಅದೇ ಕಾರಣವೋ ಅಲ್ಲವೋ ಎಂಬ ವಾದ ನಡೆಯಿತು. ನಾನಂತೂ ಆ ಎರಡನ್ನು ವಾಪಸು ತೆಗೆದುಕೊಳ್ಳಲಾಗಲಿಲ್ಲ, ಅಚ್ಚಾಗಿಹೋಗಿತ್ತು.

ನಮ್ಮ ಪತ್ರಿಕೆ ಇದಕ್ಕಿಂತ ನಾಚಿಕೆಗೇಡಿನ ಕೆಲಸವನ್ನೂ ಮಾಡಿದೆ. ಒಂದು ಪಂದ್ಯದಲ್ಲಿ ತಲೆ ಬೋಳಿಸಿಕೊಂಡ ಇಬ್ಬರು ಮಿಡ್‌ಫೀಲ್ಡರುಗಳಿದ್ದರು. ಒಬ್ಬನ 8 ಇನ್ನೊಬ್ಬನಿಗೂ, ಅವನ 4 ಇವನಿಗೂ ಹೋಯಿತು. ವರದಿಗಾರ ಯಾರು ಎಂದು ಕೇಳಬೇಡಿ, ಆಗ ನಾನಿನ್ನೂ ಸಂಪಾದಕನಾಗಿರಲಿಲ್ಲ.

ನಾಲ್ವರದೂ ಒಂದೇ ಅಭಿಪ್ರಾಯ ಎಂದು ಹೆಮ್ಮೆಯಿಂದ ಬರೆದಿದ್ದೀರಲ್ಲ, ನನಗೆ ಗುಮಾನಿ ಹುಟ್ಟಿದ್ದೇ ಅಲ್ಲಿ. ನಿಮ್ಮಲ್ಲಿ ಯಾರೋ ಒಬ್ಬರು ಮೊದಲು ಬಾಯಿ ತೆರೆದು "ಅವನಿಗೆ ನಾಲ್ಕು" ಎಂದಿದ್ದಾರೆ, ಉಳಿದವರು ಹೂಂಗುಟ್ಟಿದ್ದಾರೆ. ಮುಂದಿನ ಪಂದ್ಯಕ್ಕೆ ಒಬ್ಬೊಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಮಡಚಿಡಿ. ವಿರಾಮದಲ್ಲಿ ಒಂದು ಸಲ, ಸ್ಕೋರ್ ಇನ್ನೂ ತೀರ್ಮಾನವಾಗದಿರುವಾಗ. ಮುಗಿದ ಮೇಲೆ ಇನ್ನೊಂದು ಸಲ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಯಾರ ಅಂಕ ಆಟದಿಂದ ಏರಿತು, ಯಾರದು ಖುಷಿಯಿಂದ ಏರಿತು ಎಂದು ಗೊತ್ತಾಗುತ್ತದೆ. ಹತ್ತು ನಿಮಿಷವಾದರೂ ಚೆಂಡನ್ನು ಬಿಟ್ಟು ಒಬ್ಬನನ್ನೇ ನೋಡಿ. ಮೊದಮೊದಲು ಹಿಂಸೆಯಾಗುತ್ತದೆ, ಸುತ್ತಲಿನವರೆಲ್ಲ ಎದ್ದು ಕೂಗುವಾಗ ನೀವು ಖಾಲಿ ಮೂಲೆಯೊಂದನ್ನು ದಿಟ್ಟಿಸುತ್ತ ಕೂತಿರುತ್ತೀರಿ.

ಎಡ ಬ್ಯಾಕ್‌ನ 7 ಹಾಗೇ ಇರುತ್ತದೆ. ಸ್ಟ್ರೈಕರ್‌ಗೆ 5 ಮಾಡೋಣವೇ ಎಂದು ವರದಿಗಾರರು ಕೇಳಿದರು, ಬೇಡವೆಂದೆ. ನಿಮ್ಮ ಪಟ್ಟಿಯನ್ನು ಇದೇ ಪುಟದಲ್ಲಿ ನಮ್ಮ ಅಂಕಗಳ ಪಕ್ಕದಲ್ಲೇ ಅಚ್ಚು ಹಾಕಬೇಕೆಂದು ಕೂತೆವು. ಆಗ ಕಂಡಿತು, ಅದರಲ್ಲಿ ಹತ್ತೇ ಹೆಸರಿವೆ. 71ನೇ ನಿಮಿಷದಲ್ಲಿ ಬಲಗಡೆಗೆ ಹಾರಿ ಬೆರಳ ತುದಿಯಲ್ಲಿ ಚೆಂಡನ್ನು ಕಂಬದಾಚೆ ತಳ್ಳಿದ ಗೋಲ್‌ಕೀಪರ್‌ಗೆ ನಾಲ್ವರೂ ಒಮ್ಮತದಿಂದ ಏನೂ ಹಾಕಿಲ್ಲ. ಅವನ ಅಂಕ ಕಳಿಸಿಕೊಡಿ, ಜಾಗ ಖಾಲಿ ಬಿಟ್ಟಿದ್ದೇವೆ.