ಉಪ್ಪು ತಿಂದವರು ಒಬ್ಬರು, ನೀರು ಕುಡಿಯುವವರು ಇನ್ನೊಬ್ಬರು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ: ಯಾವ ಬಟ್ಟೆ ಪರಿಸರಸ್ನೇಹಿ? ಬೇರೆ ಬೇರೆ ಬಟ್ಟೆ ತೊಟ್ಟು ಬಂದಿದೆ, ಅಷ್ಟೇ. ಹಿಂದೆಯೂ ಉತ್ತರ ಕೊಟ್ಟಿದ್ದೆ, ಯಾರೂ ಓದಿದ ಹಾಗೆ ಕಾಣಲಿಲ್ಲ. ಅದಕ್ಕೇ ಈ ಸಲ ಅದೊಂದಕ್ಕೇ ಜಾಗ ಕೊಟ್ಟು, ಉಳಿದವನ್ನು ಬೇಗ ಮುಗಿಸುತ್ತೇನೆ. ಹತ್ತಿ ಎಂದರೇನು, ಪಾಲಿಯೆಸ್ಟರ್ ಎಂದರೇನು ಅಂತ ಶುರುವಿನಿಂದ ಹೇಳಿಕೊಡಲು ನನಗೆ ತಾಳ್ಮೆ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಸಾರ್, ನಾನು ಫ್ಯಾಷನ್ ಡಿಸೈನ್ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ 'ಸಸ್ಟೈನಬಲ್' ಕಲೆಕ್ಷನ್ ಮಾಡುತ್ತಿದ್ದೇನೆ. ಸಾವಯವ ಹತ್ತಿಯ ಕಪ್ಪು ಟೀ ಶರ್ಟ್‌ಗಳು. ಎಲ್ಲಕ್ಕಿಂತ ಪರಿಸರಸ್ನೇಹಿ ಬಟ್ಟೆ ಇದೇ ಅಲ್ವಾ? ಗೈಡ್ 'ಪ್ರಾದೇಶಿಕ ಆರ್ಥಿಕತೆಯ ಮೇಲಿನ ಪರಿಣಾಮ' ಅಂತ ಒಂದು ಅಧ್ಯಾಯವನ್ನೂ ಕೇಳಿದ್ದಾರೆ. ಅದಕ್ಕೆ ಏನು ಬರೆಯಲಿ?

ಗೈಡ್ ಕೇಳಿದ್ದು ಸರಿಯಾಗಿದೆ. ನೀವು ಕೇಳಿದ ರೀತಿ ಸರಿ ಇಲ್ಲ. ಬಟ್ಟೆಯ ಹೆಸರು ಕೇಳುತ್ತಿದ್ದೀರಿ, ನಾನು ಬಣ್ಣ ಕೇಳುತ್ತೇನೆ. ಕಪ್ಪು ಅಂದಿರಲ್ಲ, ನನ್ನ ಕಿವಿ ನೆಟ್ಟಗಾಗಿದ್ದು ಅಲ್ಲೇ.

ಸಾವಯವ ಅನ್ನುವುದು ಹೊಲದ ಮಾತು. ಅಲ್ಲಿ ರಾಸಾಯನಿಕ ಕೀಟನಾಶಕ ಹೊಡೆದಿಲ್ಲ, ಒಳ್ಳೆಯದೇ. ಡೈಯಿಂಗ್, ಅಂದರೆ ಬಣ್ಣ ಹಾಕುವ ಹಂತವನ್ನೂ ನೋಡುವ ಗಾಟ್ಸ್‌ನಂಥ ಸರ್ಟಿಫಿಕೇಟ್ ಬೇರೆ ಇದೆ, ನಿಮ್ಮ ಬಟ್ಟೆಗೆ ಇರುವುದು ಯಾವುದು ಅಂತ ಮೊದಲು ನೋಡಿ. ಯಾವುದೇ ಇರಲಿ, ಡೈಯಿಂಗ್ ಮೆಷಿನ್ ಒಳಗೆ ಹೋದ ಮೇಲೆ ಸಾವಯವ ಹತ್ತಿಯೂ ಹತ್ತಿಯೇ.

ಅಲ್ಲಿ ಆಗುವುದು ಇದು. ಇವತ್ತು ಹತ್ತಿಗೆ ಹೆಚ್ಚಾಗಿ ಹಾಕುವುದು ರಿಯಾಕ್ಟಿವ್ ಬಣ್ಣ, 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಮಾರುಕಟ್ಟೆಗೆ ಬಿಟ್ಟ ಜಾತಿ. ನೀರಿಗೆ ಬಿದ್ದ ಹತ್ತಿಯ ಮೈಮೇಲೆ ಋಣ ವಿದ್ಯುತ್ ಇರುತ್ತದೆ. ಬಣ್ಣದ್ದೂ ಋಣವೇ. ಹಾಗಾಗಿ ಎರಡೂ ಒಂದಕ್ಕೊಂದು ಮುಖ ತಿರುಗಿಸುತ್ತವೆ. ಉಪ್ಪು ನಡುವೆ ನಿಂತು ರಾಜಿ ಮಾಡಿಸುತ್ತದೆ. ಆಮೇಲೆ ಸೋಡಾ ಆ್ಯಶ್ ಅನ್ನುವ ಕ್ಷಾರ ಹಾಕಿದರೆ ಬಣ್ಣ ನೂಲಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ರಾಜಿ ಮಾಡಿಸಿದ ಉಪ್ಪು ಮಾತ್ರ ಬಟ್ಟೆಯಲ್ಲಿ ಉಳಿಯುವುದಿಲ್ಲ. ಬಂದಷ್ಟೂ ಎದ್ದು ಹೊರಗೆ ಹೋಗುತ್ತದೆ.

ಎಷ್ಟು ಹೋಗುತ್ತದೆ? ಲೆಕ್ಕ ನೀವೇ ಮಾಡಬಹುದು. ಸಾಫ್ಟ್ ಫ್ಲೋ ಅನ್ನುವ ಡೈಯಿಂಗ್ ಮೆಷಿನ್‌ಗೆ 100 ಕಿಲೋ ಬಟ್ಟೆ ಹಾಕಿದಿರಿ ಅಂದುಕೊಳ್ಳಿ. ಬಾತ್ ರೇಷಿಯೋ 1:8, ಅಂದರೆ ಕಿಲೋ ಬಟ್ಟೆಗೆ 8 ಲೀಟರ್‌ನಂತೆ 800 ಲೀಟರ್ ನೀರು. ಗಾಢ ಶೇಡ್‌ಗೆ ಲೀಟರ್‌ಗೆ 60 ಗ್ರಾಂ ಉಪ್ಪು ಹಿಡಿದರೂ 48 ಕಿಲೋ ಆಯಿತು. ತಿಳಿ ಶೇಡ್ ಆಗಿದ್ದರೆ 20 ಗ್ರಾಂ ಸಾಕು, 16 ಕಿಲೋದಲ್ಲಿ ಮುಗಿಯುತ್ತಿತ್ತು. 200 ಗ್ರಾಂ ತೂಕದ ನಿಮ್ಮ ಒಂದು ಕಪ್ಪು ಟೀ ಶರ್ಟ್‌ನ ಹಿಂದೆ 96 ಗ್ರಾಂ ಉಪ್ಪು ಚರಂಡಿಗೆ ಹೋಗಿದೆ. ತಿಳಿ ಬಣ್ಣಕ್ಕೆ 32. ಸ್ಕ್ರೀನ್ ಮೇಲೆ ಬೆರಳಲ್ಲಿ ಒಂದು ಸಲ ಒತ್ತಿ ಶೇಡ್ ಬದಲಿಸಿದ್ದಕ್ಕೆ ಉಪ್ಪು ಮೂರು ಪಟ್ಟು.

ಬಣ್ಣವೂ ಪೂರ್ತಿ ಕಚ್ಚಿಕೊಳ್ಳುವುದಿಲ್ಲ. ಸಾಮಾನ್ಯವಾಗಿ 60ರಿಂದ 80 ಶೇಕಡಾ ನಿಲ್ಲುತ್ತದೆ. ಉಳಿದದ್ದು ನೀರಿನ ಜೊತೆಯೇ ಸೇರಿ ಕೆಟ್ಟುಹೋಗುತ್ತದೆ, ಅದನ್ನು ಮತ್ತೆ ಬಳಸಲು ಬರುವುದಿಲ್ಲ. ಅದನ್ನು ತೆಗೆಯಲು ತಣ್ಣೀರು, ಬಿಸಿನೀರು, ಸೋಪು, ಮತ್ತೆ ಬಿಸಿನೀರು, ಹೀಗೆ ತೊಳೆಯುತ್ತಲೇ ಇರಬೇಕು.

ಒಂದು ಡೈಯಿಂಗ್ ಘಟಕದಲ್ಲಿ ಕೂತು ನೋಡಿದ್ದು ಹೇಳುತ್ತೇನೆ. ಉಪ್ಪಿನ ಚೀಲದ ಬಾಯಿ ಕತ್ತರಿಸಿ ಸುರಿಯುತ್ತಿದ್ದ ಹುಡುಗನ ಮೊಣಕೈ ತನಕ ಚರ್ಮ ಬಿರುಕು ಬಿಟ್ಟಿತ್ತು. "ಬ್ಲ್ಯಾಕ್ ಲಾಟ್ ಇದ್ದ ದಿನ ಭುಜ ಹೋಗುತ್ತೆ ಸಾರ್" ಅಂದ. ಆ ಲಾಟ್‌ನ ಶೇಡ್ ಕಾರ್ಡ್ ಮೇಲೆ ಡಿಸೈನರ್ ಬರೆದಿದ್ದು ಇಷ್ಟೇ: ಇನ್ನೂ ಸ್ವಲ್ಪ ಡೀಪ್ ಬೇಕು. ಲ್ಯಾಬ್ ಡಿಪ್, ಅಂದರೆ ಒಪ್ಪಿಗೆಗೆ ಕಳಿಸುವ ಬಣ್ಣದ ಮಾದರಿ ತುಂಡು, ಆಗಲೇ ಎರಡು ಸಲ ವಾಪಸ್ ಬಂದಿತ್ತು. ಬಲ್ಕ್ ಲಾಟ್ ಕೂಡ ಒಪ್ಪಿಗೆಯಾಗದೆ ಮತ್ತೆ ಮೆಷಿನ್‌ಗೆ ಹೋಯಿತು. ಅಂದರೆ ಉಪ್ಪು ಇನ್ನೊಂದು ಸಲ, ನೀರು ಇನ್ನೊಂದು ಸಲ. ಆ ಬಟ್ಟೆಯ ಟ್ಯಾಗ್ ಮೇಲೆ ಎಲೆಯ ಚಿತ್ರ ಇತ್ತು.

ಈಗ ನಿಮ್ಮ ಅಧ್ಯಾಯಕ್ಕೆ ಬರೋಣ. ಸಂಸ್ಕರಣಾ ಘಟಕ ಇದೆಯಲ್ಲ ಅನ್ನುತ್ತೀರಿ. ಬ್ಯಾಕ್ಟೀರಿಯಾ ಬಿಟ್ಟು ಮಾಡುವ ಮಾಮೂಲಿ ಸಂಸ್ಕರಣೆ ಬಣ್ಣವನ್ನು ಒಂದಿಷ್ಟು, ಕೊಳೆಯನ್ನು ಒಂದಿಷ್ಟು ತೆಗೆಯುತ್ತದೆ. ಉಪ್ಪನ್ನು ಮುಟ್ಟುವುದೇ ಇಲ್ಲ. ನೀರು ಕಣ್ಣಿಗೆ ತಿಳಿಯಾಗಿ ಕಾಣುತ್ತದೆ, ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರ್‌ಗೆ 600 ಮಿಲಿಗ್ರಾಂ ಒಳಗಿದ್ದರೆ ಚೆನ್ನ, 1000 ದಾಟಿದರೆ ರುಚಿ ಕೆಡುತ್ತಾ ಹೋಗುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಬಾತ್‌ನಲ್ಲಿ ಇದ್ದದ್ದು ಲೀಟರ್‌ಗೆ 60,000 ಮಿಲಿಗ್ರಾಂ. ತೊಳೆದ ನೀರು ಬೆರೆತು ತೆಳುವಾಗುತ್ತದೆ, ನಿಜ. ತೆಳುವಾಯಿತು ಅಂತ ಉಪ್ಪು ಕಮ್ಮಿಯಾಗಲಿಲ್ಲವಲ್ಲ.

ತಮಿಳುನಾಡಿನ ತಿರುಪ್ಪೂರನ್ನು ನೋಡಿ. ಬನಿಯನ್, ಟೀ ಶರ್ಟ್ ಅಂದರೆ ತಿರುಪ್ಪೂರು ಅನ್ನುವಷ್ಟು ಬೆಳೆದ ಊರು. ಡೈಯಿಂಗ್ ನೀರು ನೊಯ್ಯಲ್ ನದಿ ಸೇರಿತು. ಕೆಳಗೆ ಒರತ್ತುಪಾಳಯಂ ಅಂತ ಒಂದು ಅಣೆಕಟ್ಟು, 1992ರಲ್ಲಿ ನೀರಾವರಿಗೆ ಅಂತ ಕಟ್ಟಿದ್ದು, ಬಣ್ಣದ ನೀರಿನ ತೊಟ್ಟಿಯಾಯಿತು. ದಯವಿಟ್ಟು ನೀರು ಬಿಡಬೇಡಿ ಅಂತ ರೈತರೇ ಹೇಳುವ ಕಾಲ ಬಂತು. ಅಣೆಕಟ್ಟಿನ ಮುಂದೆ ನಿಂತು ರೈತ ನೀರು ಬೇಡ ಅನ್ನುವುದನ್ನು ಎಲ್ಲಾದರೂ ಕೇಳಿದ್ದೀರಾ? ರೈತರು ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಒಂದು ಹನಿಯನ್ನೂ ಹೊರಗೆ ಬಿಡದಿದ್ದರೆ ಮಾತ್ರ ತೆರೆಯಿರಿ ಅಂದಿತು. ದೊಡ್ಡವರು, ಒಟ್ಟಾಗಿ ಸಂಸ್ಕರಣಾ ಘಟಕ ಕಟ್ಟಲು ಆದವರು ಮತ್ತೆ ಶುರು ಮಾಡಿದರು. ಜಾಬ್ ವರ್ಕ್ ಮಾಡಿ ಬದುಕುತ್ತಿದ್ದ ಸಣ್ಣವರಲ್ಲಿ ಎಷ್ಟೋ ಜನ ಮತ್ತೆ ಬಾಗಿಲು ತೆರೆಯಲೇ ಇಲ್ಲ. ಒಂದಿಷ್ಟು ಕೆಲಸ ಬೇರೆ ಊರುಗಳಿಗೆ ಹೋಯಿತು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಈ ವ್ಯಾಪಾರದಲ್ಲಿ ಗಾದೆ ಉಲ್ಟಾ. ಶೇಡ್ ಆರಿಸುವವರು ಒಂದು ಊರಲ್ಲಿ, ಬಟ್ಟೆ ಹಾಕಿಕೊಳ್ಳುವವರು ಇನ್ನೊಂದು ಊರಲ್ಲಿ, ಬಾವಿ ಉಪ್ಪಾಗುವುದು ಮೂರನೆಯ ಊರಲ್ಲಿ. ನಿಮ್ಮ ಅಧ್ಯಾಯದಲ್ಲಿ ಬರೆಯಬೇಕಾದ್ದು ಇದೇ, ಎಷ್ಟು ಉದ್ಯೋಗ ಬಂತು ಅನ್ನುವ ಒಂದೇ ಕಾಲಂ ಅಲ್ಲ.

ಆರ್‌ಒ ಹಾಕಿದರೆ ಮುಗಿಯಿತು ಅಂತಲೂ ಬರೆಯಬೇಡಿ. ಆರ್‌ಒ ಉಪ್ಪನ್ನು ಮಾಯ ಮಾಡುವುದಿಲ್ಲ, ಒಂದು ಕಡೆ ಗುಡ್ಡೆ ಹಾಕುತ್ತದೆ. ಒಳ್ಳೆಯ ನೀರು ವಾಪಸ್ ಮೆಷಿನ್‌ಗೆ ಹೋಗುತ್ತದೆ, ಅದು ದೊಡ್ಡ ಲಾಭವೇ. ಉಳಿದ ಗಟ್ಟಿ ಉಪ್ಪುನೀರನ್ನು ಇವ್ಯಾಪೊರೇಟರ್‌ನಲ್ಲಿ ಕುದಿಸಬೇಕು, ಅದಕ್ಕೆ ಹಬೆ ಬೇಕು, ಹಬೆಗೆ ಬಾಯ್ಲರ್‌ನಲ್ಲಿ ಸೌದೆಯೋ ಕಲ್ಲಿದ್ದಲೋ ಉರಿಯಬೇಕು. ಕೊನೆಗೆ ಉಳಿಯುವುದು ಬಣ್ಣ ಬೆರೆತ, ಯಾರಿಗೂ ಬೇಡದ ಕಲಬೆರಕೆ ಉಪ್ಪು. ಶೆಡ್‌ಗಳಲ್ಲಿ ಚೀಲಗಟ್ಟಲೆ ಬಿದ್ದಿರುತ್ತದೆ. ಮಾಮೂಲಿ ಉಪ್ಪಿನ ಬದಲು ಸೋಡಿಯಂ ಸಲ್ಫೇಟ್ ಬಳಸುವವರು ಉಪ್ಪುನೀರನ್ನು ಶುದ್ಧ ಮಾಡಿ ಮತ್ತೆ ಬಾತ್‌ಗೆ ಹಾಕುತ್ತಾರೆ. ನನ್ನ ಪ್ರಕಾರ ಬುದ್ಧಿವಂತ ದಾರಿ ಅದು.

ಅದಕ್ಕಿಂತ ಬುದ್ಧಿವಂತಿಕೆ ಉಪ್ಪನ್ನೇ ಕಮ್ಮಿ ಮಾಡುವುದು. ಕೋಲ್ಡ್ ಪ್ಯಾಡ್ ಬ್ಯಾಚ್ ಅಂತ ಹಳೇ ವಿಧಾನ ಇದೆ. ಬಟ್ಟೆಯನ್ನು ಬಣ್ಣ ಮತ್ತು ಕ್ಷಾರದಲ್ಲಿ ಅದ್ದಿ, ಹಿಂಡಿ, ರೋಲ್‌ಗೆ ಸುತ್ತಿ, ಪ್ಲಾಸ್ಟಿಕ್ ಹೊದಿಸಿ ರಾತ್ರಿಯೆಲ್ಲ ನಿಧಾನಕ್ಕೆ ತಿರುಗಿಸುವುದು. ಉಪ್ಪು ಹೆಚ್ಚುಕಮ್ಮಿ ಬೇಡವೇ ಬೇಡ, ಬಿಸಿಯೂ ಬೇಡ. ಆದರೆ ಅರ್ಜೆಂಟ್ ಆರ್ಡರ್‌ಗೆ, ದಿನಕ್ಕೊಂದು ಹೊಸ ಶೇಡ್ ಕೇಳುವವರಿಗೆ ಇದು ಒಗ್ಗುವುದಿಲ್ಲ. ನೋಡಿದಿರಾ, ತಂತ್ರಜ್ಞಾನ ಹಳೆಯದು, ತಾಳ್ಮೆ ಇಲ್ಲದ್ದು ಫ್ಯಾಷನ್‌ಗೆ.

ನಿಮ್ಮ ಕೆಲಸ ಇಷ್ಟು. ಕಲೆಕ್ಷನ್‌ನಲ್ಲಿ ಕಪ್ಪು ಇರಲಿ, ಎಲ್ಲವೂ ಕಪ್ಪು ಬೇಡ. ಮೊದಲ ಲ್ಯಾಬ್ ಡಿಪ್ ಸುಮಾರಾಗಿ ಸರಿ ಇದ್ದರೆ ಒಪ್ಪಿಕೊಳ್ಳಿ. ಘಟಕಕ್ಕೆ ಹೋದಾಗ ಅವರು ತೋರಿಸುವ ಪ್ರೆಸೆಂಟೇಷನ್ ನೋಡಿ ಬರೆಯಬೇಡಿ, ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ಅದರ ಜೊತೆಗೇ ನಡೆಯಿರಿ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಜೇಬಿನಲ್ಲಿ ಹಿಡಿಯುವಷ್ಟು ಸಣ್ಣದು, ತೋಟದವರ ಒಪ್ಪಿಗೆ ಕೇಳಿ ಘಟಕಕ್ಕಿಂತ ನದಿಯ ಮೇಲ್ಭಾಗದ ಬಾವಿಯಲ್ಲೂ ಕೆಳಭಾಗದ ಬಾವಿಯಲ್ಲೂ ಅದ್ದಿ ನೋಡಿ. ನಾನಂತೂ ಪೈಪಿನ ಕೊನೆ ನೋಡದೆ ಯಾರ ಪರವಾಗಿಯೂ ಒಂದು ಸಾಲು ಬರೆದಿಲ್ಲ.

ಉಪ್ಪು ತಿನ್ನುವ ಬ್ಯಾಕ್ಟೀರಿಯಾ ಪುಡಿ ಮಾರುತ್ತಿದ್ದಾರೆ. ತೊಟ್ಟಿಗೆ ಹಾಕಿದರೆ ಸಾಕಂತೆ, ಹೌದಾ?

ಮೋಸ. ಉಪ್ಪಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಇವೆ, ಉಪ್ಪನ್ನು ತಿಂದು ಇಲ್ಲವಾಗಿಸುವುದು ಯಾವುದೂ ಇಲ್ಲ. ತಿಂದ ಸೋಡಿಯಂ ಎಲ್ಲಿಗೆ ಹೋಗಬೇಕು? ಮಾರಲು ಬಂದವನ ಎದುರಲ್ಲೇ ಮೀಟರ್ ಅದ್ದಿ, ಪುಡಿ ಹಾಕಿ, ವಾರ ಬಿಟ್ಟು ಮತ್ತೆ ಅದ್ದಿ. ಆ ವಾರದಲ್ಲಿ ಅವನ ಫೋನ್ ಸ್ವಿಚ್ ಆಫ್ ಆಗಿರುತ್ತದೆ.

ನೈಸರ್ಗಿಕ ಬಣ್ಣಕ್ಕೆ ಕೆಮಿಕಲ್ ಬೇಡವಲ್ಲ?

ಪಟಿಕ ಕೆಮಿಕಲ್ ಅಲ್ಲವೇ? ಹೆಚ್ಚಿನ ನೈಸರ್ಗಿಕ ಬಣ್ಣ ನಿಲ್ಲಲು ಪಟಿಕವೋ ಕಬ್ಬಿಣವೋ ತಾಮ್ರವೋ ಬೇಕು. ಅದೂ ನೀರಿಗೇ ಹೋಗುತ್ತದೆ. ಬೀಟ್‌ರೂಟ್ ಬಣ್ಣ ಬಟ್ಟೆಗೆ ನಿಲ್ಲುವುದಿಲ್ಲ, ಆ ವಿಡಿಯೋಗಳನ್ನು ನನಗೆ ಕಳಿಸಬೇಡಿ.

ನಮ್ಮ ಭಾಗದಲ್ಲಿ ಗಾರ್ಮೆಂಟ್ಸ್ ಮುಚ್ಚಿವೆ. ಬಟ್ಟೆ ರೀಸೈಕ್ಲಿಂಗ್ ಫ್ಯಾಕ್ಟರಿ ತಂದರೆ ಊರು ಮತ್ತೆ ಎದ್ದೇಳುತ್ತದಾ?

ಎದ್ದೇಳಬಹುದು, ಮೊದಲು ಕೊಳ್ಳುವವರು ಯಾರು ಅಂತ ಹೇಳಿ. ಸ್ವೀಡನ್ನಿನ ಸುಂಡ್ಸ್‌ವಾಲ್‌ನಲ್ಲಿ ಮುಚ್ಚಿದ್ದ ಕಾಗದದ ಕಾರ್ಖಾನೆಯ ಜಾಗದಲ್ಲೇ ರಿನ್ಯೂಸೆಲ್ ಕಂಪನಿ 2022ರಲ್ಲಿ ಹಳೇ ಹತ್ತಿ ಬಟ್ಟೆಯಿಂದ ಪಲ್ಪ್, ಅಂದರೆ ಮತ್ತೆ ನೂಲು ತೆಗೆಯಬಹುದಾದ ತಿರುಳು, ಮಾಡುವ ಕಾರ್ಖಾನೆ ತೆರೆಯಿತು. ವರ್ಷಕ್ಕೆ 60,000 ಟನ್ ಸಾಮರ್ಥ್ಯ. ದೊಡ್ಡ ದೊಡ್ಡ ಬ್ರಾಂಡ್‌ಗಳು ಬೆನ್ನು ತಟ್ಟಿದವು. ಬೇಕಾದಷ್ಟು ಆರ್ಡರ್ ಬರಲಿಲ್ಲ. 2024ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, ಆಮೇಲೆ ಬೇರೆಯವರು ಕೊಂಡುಕೊಂಡರು. ಬಟ್ಟೆಯನ್ನು ಪಲ್ಪ್ ಮಾಡಬಹುದು ಅಂತ ಅವರು ತೋರಿಸಿದ್ದರು. ಬೆನ್ನು ತಟ್ಟಿದ ಕೈ ಜೇಬಿಗೆ ಹೋಗಲಿಲ್ಲ, ಅಷ್ಟೇ.

ಇಟಲಿಯ ಪ್ರಾಟೋ ಊರು ಹಳೇ ಉಣ್ಣೆ ಬಟ್ಟೆಯನ್ನು ಮತ್ತೆ ನೂಲು ಮಾಡಿಕೊಂಡು 19ನೇ ಶತಮಾನದಿಂದ ಬದುಕಿದೆ. ಅಲ್ಲಿನ ಬಂಡವಾಳ ಮೆಷಿನ್ ಮಾತ್ರ ಅಲ್ಲ, ಚಿಂದಿಯನ್ನು ಕೈಯಲ್ಲಿ ಹಿಡಿದು ಬಣ್ಣ ಬಣ್ಣವಾಗಿ ಬೇರೆ ಮಾಡುವ ಜನ. ಬಣ್ಣದ ಪ್ರಕಾರ ಬೇರೆ ಮಾಡಿದರೆ ಮತ್ತೆ ಡೈ ಮಾಡುವ ಕೆಲಸವೇ ಬಹಳಷ್ಟು ತಪ್ಪುತ್ತದೆ. ನಿಮ್ಮ ಭಾಗದಲ್ಲಿ ಮುಚ್ಚಿದ ಗಾರ್ಮೆಂಟ್ಸ್‌ನ ಜನ ಚದುರುವ ಮೊದಲು, ಯಾರ ಕೈಗೆ ಏನು ಬರುತ್ತದೆ ಅಂತ ಪಟ್ಟಿ ಮಾಡಿ. ಜಾಗ, ಸಬ್ಸಿಡಿ, ರಿಬ್ಬನ್ ಕತ್ತರಿಸುವುದು ಎಲ್ಲ ಆಮೇಲೆ.

ನೀರೇ ಇಲ್ಲದ ಡೈಯಿಂಗ್ ಬಂದಿದೆಯಂತೆ?

ಬಂದಿದೆ. ಒತ್ತಡದಲ್ಲಿಟ್ಟ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಪಾಲಿಯೆಸ್ಟರ್‌ಗೆ ಬಣ್ಣ ಹಾಕುತ್ತಾರೆ. ಹತ್ತಿಗೆ ಆ ದಾರಿ ಇನ್ನೂ ಸರಿಯಾಗಿ ಒಗ್ಗಿಲ್ಲ. ಮೇಲಿನ ಉಪ್ಪಿನ ಕತೆಯೆಲ್ಲ ಹತ್ತಿಯದ್ದು.

ಬಾಟಲಿಯಿಂದ ಮಾಡಿದ ಟೀ ಶರ್ಟ್ ಕೊಳ್ಳಲೇ?

ಬಾಟಲಿಯನ್ನು ಮತ್ತೆ ಬಾಟಲಿ ಮಾಡಬಹುದಿತ್ತು. ಟೀ ಶರ್ಟ್ ಆದ ಮೇಲೆ ಅದರ ದಾರಿ ಹೆಚ್ಚಾಗಿ ಅಲ್ಲಿಗೇ ಮುಗಿಯಿತು. ಒಗೆದಾಗ ಸಣ್ಣ ಎಳೆ ಉದುರುವುದೂ ನಿಲ್ಲುವುದಿಲ್ಲ.

ಬಿದಿರಿನ ಬಟ್ಟೆ?

ಹೆಚ್ಚಾಗಿ ವಿಸ್ಕೋಸ್, ಅಂದರೆ ಮರದ ತಿರುಳನ್ನು ಕರಗಿಸಿ ಎಳೆದ ನೂಲು. ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸಿದ ಮೇಲೆ ಅದು ಬಿದಿರೋ ನೀಲಗಿರಿಯೋ ಅಂತ ನೂಲಿಗೆ ನೆನಪಿರುವುದಿಲ್ಲ.

ಇನ್ನು ಮುಂದೆ ಬಟ್ಟೆಯ ಹೆಸರೊಂದನ್ನೇ ಬರೆದು 'ಇದು ಒಳ್ಳೆಯದಾ' ಅಂತ ಕೇಳಿದರೆ ಉತ್ತರ ಇಲ್ಲ. ಶೇಡ್, ಬಾತ್ ರೇಷಿಯೋ, ಲೀಟರ್‌ಗೆ ಎಷ್ಟು ಗ್ರಾಂ ಉಪ್ಪು, ಪೈಪಿನ ಕೊನೆ ಎಲ್ಲಿ, ಇಷ್ಟು ಬರೆದು ಕಳಿಸಿ. ಗೊತ್ತಿಲ್ಲದಿದ್ದರೆ ಮೊದಲು ಘಟಕಕ್ಕೆ ಹೋಗಿ ಕೇಳಿಕೊಂಡು ಬನ್ನಿ.